ಸರಿಸಮದ ಮಾತಿನಿಂದ ಅಧೀನತೆಯವರೆಗೆ: ಕಿಜ್ಜುವತ್ನ ರಾಜ್ಯದ ಒಪ್ಪಂದಗಳು

ಬೋಗಾಜ್‌ಕೋಯ್ ಎಂಬ ಊರಿನ ಹೆಸರು ನಮ್ಮಲ್ಲಿ ಇತಿಹಾಸ ಓದಿದವರಿಗೆಲ್ಲ ಸಾಮಾನ್ಯವಾಗಿ ಒಂದೇ ಕಾರಣಕ್ಕೆ ಗೊತ್ತು. ಅಲ್ಲಿ ಸಿಕ್ಕ ಮಣ್ಣಿನ ಹಲಗೆಯೊಂದರಲ್ಲಿ ಮಿತ್ರ, ವರುಣ, ಇಂದ್ರ, ನಾಸತ್ಯ ಎಂಬ ದೇವತೆಗಳ ಹೆಸರುಗಳಿವೆ. ಪಠ್ಯಪುಸ್ತಕದಲ್ಲಿ ಅದೊಂದು ಸಾಲು, ಪರೀಕ್ಷೆಯಲ್ಲಿ ಒಂದು ಅಂಕ, ಅಲ್ಲಿಗೆ ಮುಗೀತು. ಆದರೆ ಆ ಹೆಸರುಗಳು ಯಾವ ಬರಹದಲ್ಲಿವೆ, ಏಕೆ ಇವೆ ಅಂತ ಕೇಳಿದವರು ಕಡಿಮೆ. ಅದು ಸ್ತೋತ್ರವಲ್ಲ, ದಾನಶಾಸನವಲ್ಲ. ಹಿಟ್ಟೈಟ್ ದೊರೆ ಸುಪ್ಪಿಲುಲಿಯುಮ ಮತ್ತು ಮಿತ್ತನ್ನಿಯ ರಾಜಕುಮಾರ ಶತ್ತಿವಾಜ, ಇವರ ನಡುವಿನ ಒಪ್ಪಂದ. ಕ್ರಿ.ಪೂ. 14ನೆಯ ಶತಮಾನದ್ದು. ಹಿಟ್ಟೈಟ್ ದೊರೆ ಶತ್ತಿವಾಜನಿಗೆ ಮಗಳನ್ನು ಕೊಟ್ಟ, ಕಳೆದುಹೋಗಿದ್ದ ಪಟ್ಟವನ್ನೂ ಕೊಡಿಸಿದ. ಪ್ರತಿಯಾಗಿ ಒಂದು ಕಾಲದ ದೊಡ್ಡ ರಾಜ್ಯವಾದ ಮಿತ್ತನ್ನಿ ಅವನ ಕೈಕೆಳಗೆ ಬಂತು. ಇಂದ್ರ ವರುಣರು ಅಲ್ಲಿ ಬಂದಿರುವುದು ಆ ಅಧೀನತೆಗೆ ಸಾಕ್ಷಿ ಹಾಕಲಿಕ್ಕೆ.

ಅದೇ ಊರಿನ ದಫ್ತರದಲ್ಲಿ ಇನ್ನೂ ಕೆಲವು ಹಲಗೆಗಳಿವೆ. ಅವುಗಳಲ್ಲಿ ನಮ್ಮ ದೇವರ ಹೆಸರಿಲ್ಲ, ಹಾಗಾಗಿ ನಮ್ಮಲ್ಲಿ ಅವುಗಳ ಚರ್ಚೆಯೂ ಇಲ್ಲ. ಆದರೆ ಒಂದು ಸಾಮ್ರಾಜ್ಯ ತನ್ನ ಪಕ್ಕದ ಸ್ವತಂತ್ರ ರಾಜ್ಯವನ್ನು ಬರೀ ಕತ್ತಿಯಿಂದಲ್ಲದೆ ಬರಹದಿಂದ, ಹಂತಹಂತವಾಗಿ ಹೇಗೆ ಕರಗಿಸಿಕೊಂಡಿತು ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಪ್ರಾಚೀನ ದಾಖಲೆಗಳು ಹೆಚ್ಚು ಇಲ್ಲ. ಆ ರಾಜ್ಯದ ಹೆಸರು ಕಿಜ್ಜುವತ್ನ.

ಜಾಗ ಯಾವುದು?

ಈಗಿನ ತುರ್ಕಿಯ ಆಗ್ನೇಯ ದಿಕ್ಕಿನಲ್ಲಿ ಮೆಡಿಟರೇನಿಯನ್ ಕಡಲಿಗೆ ತಾಗಿ ಅದಾನ, ತಾರ್ಸುಸ್ ಪಟ್ಟಣಗಳಿರುವ ಫಲವತ್ತಾದ ಬಯಲಿದೆ. ಅದರ ಬೆನ್ನಿಗೆ ಟಾರಸ್ ಪರ್ವತ. ಬಯಲು ಮತ್ತು ಅದರ ಹಿಂದಿನ ಬೆಟ್ಟಸೀಮೆ ಸೇರಿ ಕಿಜ್ಜುವತ್ನ. ಅಲ್ಲಿನ ಜನ ಹುರ್ರಿ ಮತ್ತು ಲುವಿಯನ್ ಭಾಷೆಗಳನ್ನಾಡುತ್ತಿದ್ದರು. ಬೆಟ್ಟದ ಆಚೆ, ಉತ್ತರದ ಪ್ರಸ್ಥಭೂಮಿಯಲ್ಲಿ ಹಟ್ಟಿ ದೇಶ, ಅಂದರೆ ಹಿಟ್ಟೈಟರ ರಾಜ್ಯ. ಅದರ ರಾಜಧಾನಿ ಹಟ್ಟುಶವೇ ಇವತ್ತಿನ ಬೋಗಾಜ್‌ಕೋಯ್. ಪೂರ್ವಕ್ಕೆ ಹುರ್ರಿ ಜನರ ದೊಡ್ಡ ರಾಜ್ಯ ಮಿತ್ತನ್ನಿ.

ಹಟ್ಟಿಯ ದೊರೆಗಳಿಗೆ ಸಿರಿಯದ ಶ್ರೀಮಂತ ಪಟ್ಟಣಗಳ ಮೇಲೆ ಕಣ್ಣು. ಅಲ್ಲಿಗೆ ಇಳಿಯುವ ಮುಖ್ಯ ದಾರಿಗಳು ಟಾರಸ್ಸಿನ ಕಣಿವೆಗಳ ಮೂಲಕ, ಅಂದರೆ ಕಿಜ್ಜುವತ್ನದ ಮೂಲಕ ಹಾದುಹೋಗುತ್ತವೆ. ಘಟ್ಟದ ದಾರಿ ಯಾರ ಕೈಯಲ್ಲಿದೆಯೋ ಅವರ ಜೊತೆ ಘಟ್ಟದ ಮೇಲಿನವರು ಮಾತಾಡಲೇಬೇಕು, ಅಲ್ವಾ? ಕರಾವಳಿ ಮತ್ತು ಮಲೆನಾಡಿನ ಇತಿಹಾಸ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮೊದಲು ಈ ಸೀಮೆ ಹಟ್ಟಿಯ ಹಿಡಿತದಲ್ಲಿತ್ತು. ಅಮ್ಮುನ ಎಂಬ ದೊರೆಯ ಕಾಲದಲ್ಲಿ ತಿರುಗಿಬಿದ್ದ ಸೀಮೆಗಳ ಪಟ್ಟಿಯನ್ನು ಮುಂದೆ ಬಂದ ತೆಲಿಪಿನು ತನ್ನ ಪ್ರಕಟಣೆಯಲ್ಲಿ ಕೊಡುತ್ತಾನೆ. ಅದರಲ್ಲಿ ಅದಾನಿಯ, ಅಂದರೆ ಇಂದಿನ ಅದಾನದ ಸೀಮೆಯ ಹೆಸರಿದೆ. ಕಿಜ್ಜುವತ್ನ ಸ್ವತಂತ್ರ ರಾಜ್ಯವಾಗಿ ಕಾಣಿಸಿಕೊಳ್ಳುವುದು ಅಲ್ಲಿಂದ.

ಮೊದಲ ಹೆಜ್ಜೆ: ಇಬ್ಬರೂ ಮಹಾರಾಜರು

ಕ್ರಿ.ಪೂ. 1500ರ ಸುಮಾರಿಗೆ ತೆಲಿಪಿನು ಕಿಜ್ಜುವತ್ನದ ದೊರೆ ಇಶ್ಪುತಹ್ಶುವಿನ ಜೊತೆ ಒಪ್ಪಂದ ಮಾಡಿಕೊಂಡ. ಹಿಟ್ಟೈಟರು ಮಾಡಿಕೊಂಡ ಒಪ್ಪಂದಗಳಲ್ಲಿ ನಮಗೆ ಗೊತ್ತಿರುವವುಗಳ ಪೈಕಿ ಇದು ಬಹಳ ಹಳೆಯದು. ಪಠ್ಯ ಚೂರುಚೂರಾಗಿ ಉಳಿದಿದೆ. ಅಕ್ಕಾಡಿಯನ್ ಭಾಷೆಯಲ್ಲೂ ಹಿಟ್ಟೈಟ್ ಭಾಷೆಯಲ್ಲೂ ತುಣುಕುಗಳು ಸಿಕ್ಕಿವೆ. ಹಟ್ಟುಶದ ದಫ್ತರದವರು ತಮ್ಮ ಹಲಗೆಗಳಿಗೆ ಒಂದು ಪಟ್ಟಿ ಮಾಡಿಟ್ಟಿದ್ದರು, ನಮ್ಮ ಗ್ರಂಥಾಲಯಗಳ ಸೂಚಿಯ ಹಾಗೆ. ಆ ಪಟ್ಟಿಯಲ್ಲಿ ಈ ಒಪ್ಪಂದದ ಹಲಗೆಯೂ ದಾಖಲಾಗಿದೆ. ಮೂಲ ಒಡೆದುಹೋದರೂ ಸೂಚಿಯ ನಮೂದು ಉಳಿಯಿತು. ಇಂಥ ಭಾಗ್ಯ ನಮ್ಮ ಶಾಸನಗಳಿಗೂ ಒಮ್ಮೊಮ್ಮೆ ಒದಗಿದೆ. ಕಲ್ಲು ಹಾಳಾಗಿ ಹಳೆಯ ಸಂಪುಟದ ಪಾಠ ಮಾತ್ರ ಕೈಯಲ್ಲಿರುತ್ತದೆ.

ಆದರೆ ಈ ಹಂತಕ್ಕೆ ಇನ್ನೂ ಒಳ್ಳೆಯ ಸಾಕ್ಷಿ ಬೇರೆ ಕಡೆ ಸಿಕ್ಕಿತು. 1930ರ ದಶಕದಲ್ಲಿ ಹೆಟ್ಟಿ ಗೋಲ್ಡ್‌ಮನ್ ಅವರು ತಾರ್ಸುಸ್‌ನ ಗೋಜ್ಲುಕುಲೆ ದಿಬ್ಬವನ್ನು ಅಗೆದಾಗ ಮುದ್ರೆ ಒತ್ತಿದ ಒಂದು ಮಣ್ಣಿನ ಉಂಡೆ ಬಂತು. ಮುದ್ರೆಯ ಅಂಚಿನ ಸುತ್ತ ಬೆಣೆಲಿಪಿ, ನಡುವೆ ಚಿತ್ರಲಿಪಿಯ ಗುರುತುಗಳು. ಬೆಣೆಲಿಪಿಯಲ್ಲಿ ಓದಿಕೊಳ್ಳಬಹುದಾದದ್ದು ಇಷ್ಟು: ಇಶ್ಪುತಹ್ಶು, ಮಹಾರಾಜ, ಪರಿಯವತ್ರಿಯ ಮಗ.

ಇಲ್ಲಿ 'ಮಹಾರಾಜ' ಎಂಬ ಪದವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಆ ಕಾಲದ ಪಶ್ಚಿಮ ಏಷ್ಯಾದಲ್ಲಿ ಅದು ಅಳತೆ ಮಾಡಿ ಬಳಸುತ್ತಿದ್ದ ಬಿರುದು. ತನ್ನ ಮೇಲೆ ಯಾರೂ ಇಲ್ಲ ಎನ್ನುವವನು ಮಾತ್ರ ಹಾಗೆ ಹೇಳಿಕೊಳ್ಳಬಹುದಿತ್ತು. ನಮ್ಮಲ್ಲಿ ಒಬ್ಬ 'ಮಹಾಮಂಡಲೇಶ್ವರ' ಎಂದು ಕೊರೆಸುವುದಕ್ಕೂ 'ಮಹಾರಾಜಾಧಿರಾಜ ಪರಮೇಶ್ವರ' ಎಂದು ಕೊರೆಸುವುದಕ್ಕೂ ಇರುವ ಅಂತರವನ್ನು ನೆನೆಸಿಕೊಳ್ಳಿ. ಇಶ್ಪುತಹ್ಶು ತನ್ನ ಮುದ್ರೆಯಲ್ಲಿ ತೆಲಿಪಿನುವಿಗೆ ಸಮನಾಗಿಯೇ ನಿಂತಿದ್ದಾನೆ.

ಎರಡನೆಯ ಹೆಜ್ಜೆ: ಕನ್ನಡಿಯ ವಾಕ್ಯಗಳು

ಮುಂದಿನ ದೊರೆಗಳಲ್ಲಿ ಪದ್ದತಿಶ್ಶು ಒಬ್ಬ, ಪಿಲ್ಲಿಯ ಇನ್ನೊಬ್ಬ. ಇವರಲ್ಲಿ ಯಾರು ಮೊದಲು ಎಂಬುದರ ಬಗ್ಗೆ ವಿದ್ವಾಂಸರಲ್ಲಿ ಚರ್ಚೆ ನಡೆದೇ ಇದೆ. ಪದ್ದತಿಶ್ಶುವಿನ ಒಪ್ಪಂದ ಅಕ್ಕಾಡಿಯನ್‌ನಲ್ಲಿದೆ. ಹಿಟ್ಟೈಟ್ ದೊರೆಯ ಹೆಸರಿದ್ದ ಭಾಗ ಒಡೆದುಹೋಗಿದೆ.

ಇದರ ವಾಕ್ಯರಚನೆ ನೋಡುವಂಥದ್ದು. ಪ್ರತಿಯೊಂದು ಕಲಮೂ ಎರಡು ಸಲ ಬರುತ್ತದೆ, ಕನ್ನಡಿಯಲ್ಲಿ ಕಂಡ ಹಾಗೆ. ಮಹಾರಾಜ ತನ್ನ ಮಗನನ್ನೋ ಸೇವಕನನ್ನೋ ಪದ್ದತಿಶ್ಶುವಿನ ಬಳಿ ಕಳಿಸಿದರೆ ಪದ್ದತಿಶ್ಶು ಅವನಿಗೆ ಕೇಡು ಮಾಡಬಾರದು. ಪದ್ದತಿಶ್ಶು ತನ್ನ ಮಗನನ್ನೋ ಸೇವಕನನ್ನೋ ಕಳಿಸಿದರೆ ಮಹಾರಾಜನೂ ಕೇಡು ಮಾಡಬಾರದು. ಹಟ್ಟಿಯ ಕಡೆಯ ಒಂದು ಊರಿನವರು ಹೆಂಗಸರು, ಸಾಮಾನು, ದನ, ಕುರಿ, ಮೇಕೆಗಳ ಸಮೇತ ಎದ್ದು ಕಿಜ್ಜುವತ್ನಕ್ಕೆ ಬಂದರೆ ಹಿಡಿದು ವಾಪಸು ಕಳಿಸಬೇಕು. ಆ ಕಡೆಯಿಂದ ಈ ಕಡೆ ಬಂದರೂ ಹಾಗೆಯೇ.

ಒಂದು ಊರಿಗೆ ಊರೇ ಗಂಟು ಕಟ್ಟಿಕೊಂಡು ಗಡಿ ದಾಟುವ ಚಿತ್ರ ಇದು. ಗಡಿಯ ಎರಡೂ ಬದಿಯ ಅರಸರಿಗೆ ಭೂಮಿಗಿಂತ ಜನವೇ ದೊಡ್ಡ ಸಂಪತ್ತಾಗಿತ್ತು, ಆ ಜನ ಕೈತಪ್ಪಿ ಹೋಗುತ್ತಿದ್ದರು. ಅವರನ್ನು ಹಿಡಿದಿಡುವುದರಲ್ಲಿ ಇಬ್ಬರದ್ದೂ ಹಿತ ಒಂದೇ. ಹಾಗಾಗಿ ಒಪ್ಪಂದ ಪ್ರಾಮಾಣಿಕವಾಗಿಯೇ ಸರಿಸಮ.

ಆದರೂ ಒಂದು ಸಣ್ಣ ವಿಷಯ ಕಣ್ಣಿಗೆ ಬೀಳುತ್ತದೆ. ಪಠ್ಯದಲ್ಲಿ ಒಬ್ಬ 'ಮಹಾರಾಜ', ಇನ್ನೊಬ್ಬ ಬರೀ 'ಪದ್ದತಿಶ್ಶು'. ಇಶ್ಪುತಹ್ಶುವಿನ ಮುದ್ರೆಯಲ್ಲಿದ್ದ ಬಿರುದು ಇಲ್ಲಿ ಆ ಕಡೆಗಿಲ್ಲ. ನಮಗೆ ಸಿಕ್ಕಿರುವುದು ಹಟ್ಟುಶದ ಪ್ರತಿ. ಕಿಜ್ಜುವತ್ನದವರು ತಮ್ಮಲ್ಲಿ ಇಟ್ಟುಕೊಂಡ ಪ್ರತಿಯಲ್ಲಿ ಬಿರುದುಗಳು ಬೇರೆ ಥರ ಇದ್ದಿರಬಹುದು. ಒಂದು ಪದದ ಮೇಲೆ ಕೋಟೆ ಕಟ್ಟುವುದು ಬೇಡ. ಗುರುತು ಹಾಕಿಟ್ಟುಕೊಂಡರೆ ಸಾಕು.

ಪಿಲ್ಲಿಯ ಎಂಬವನು ಹಟ್ಟಿಯ ಜಿದಂಜನ ಜೊತೆ ಮಾಡಿಕೊಂಡದ್ದು ಚಿಕ್ಕ ಒಪ್ಪಂದ. ಯುದ್ಧದಲ್ಲಿ ಹಿಡಿದ ಊರುಗಳನ್ನು ಹಿಂದಿರುಗಿಸುವ ಮಾತು ಅದರಲ್ಲಿದೆ. ಆದರೆ ಪಿಲ್ಲಿಯನ ಇನ್ನೊಂದು ಒಪ್ಪಂದ ಅಲಲಾಖ್‌ನಲ್ಲಿ ಲಿಯೋನಾರ್ಡ್ ವುಲ್ಲಿ ನಡೆಸಿದ ಉತ್ಖನನದಲ್ಲಿ ದೊರೆಯಿತು. ಅದು ಅಲಲಾಖ್‌ನ ಇದ್ರಿಮಿಯ ಜೊತೆಗಿನದು. ವಿಷಯ ಅದೇ, ಓಡಿಹೋದವರನ್ನು ಒಪ್ಪಿಸುವುದು. ವಿಶೇಷ ಏನೆಂದರೆ, ಅದು ಜಾರಿಗೆ ಬರುವ ದಿನವನ್ನು ಇದ್ರಿಮಿ ಮಿತ್ತನ್ನಿಯ ದೊರೆ ಬರತ್ತರ್ನನ ಜೊತೆ ಆಣೆ ಮಾಡಿದ ದಿನಕ್ಕೆ ಜೋಡಿಸಲಾಗಿದೆ. ಮಾತಾಡುವವರು ಇಬ್ಬರು, ಹಿಂದೆ ನಿಂತವನು ಮೂರನೆಯವನು. ಈಗ ಕಿಜ್ಜುವತ್ನದ ಮೇಲೆ ಮಿತ್ತನ್ನಿಯ ನೆರಳು ಬಿದ್ದಿದೆ. ಎರಡು ದೊಡ್ಡ ರಾಜ್ಯಗಳ ನಡುವೆ ಸಿಕ್ಕ ಚಿಕ್ಕ ರಾಜ್ಯ ಒಂದರ ಕೈ ಹಿಡಿದು ಇನ್ನೊಂದನ್ನು ತಡೆಯುತ್ತಿತ್ತು. ಅದರ ಸ್ವಾತಂತ್ರ್ಯ ಉಳಿದಿದ್ದೇ ಈ ತೂಗಾಟದಲ್ಲಿ.

ಮೂರನೆಯ ಹೆಜ್ಜೆ: ದನಗಳು ಮತ್ತು ಕೊಟ್ಟಿಗೆ

ಕ್ರಿ.ಪೂ. 1400ರ ಸುಮಾರಿನ ಶುನಶ್ಶುರನ ಒಪ್ಪಂದ ಈ ಸರಣಿಯ ಮುಖ್ಯ ಪಠ್ಯ. ಸಾಕಷ್ಟು ಉದ್ದವಾಗಿದೆ, ಬಹುಪಾಲು ಉಳಿದಿದೆ. ಎದುರು ಕಡೆಯವನು ಹಟ್ಟಿಯ ತುಧಲಿಯ ಎಂದು ಸಾಮಾನ್ಯವಾಗಿ ಒಪ್ಪುತ್ತಾರೆ.

ಮೊದಲ ಬದಲಾವಣೆ ದನಿಯಲ್ಲೇ ಇದೆ. ಈಗ 'ಮಹಾರಾಜ ಹೀಗೆ ಹೇಳುತ್ತಾನೆ' ಎಂಬ ಧಾಟಿ. ಮಾತಾಡುವವನು ಒಬ್ಬನೇ. ಅವನು ತನ್ನನ್ನು 'ನನ್ನ ಸೂರ್ಯ' ಎಂಬ ಗೌರವಸೂಚಕದಿಂದ ಕರೆದುಕೊಳ್ಳುತ್ತಾನೆ. ಹಿಟ್ಟೈಟ್ ದೊರೆಗಳಿಗೆ 'ಸನ್ನಿಧಾನ' ಅಂದ ಹಾಗೆ ಅದು. ಇನ್ನೊಬ್ಬ ಶುನಶ್ಶುರ, ಕೇಳಿಸಿಕೊಳ್ಳುವವನು.

ಎರಡನೆಯ ಬದಲಾವಣೆ, ಷರತ್ತುಗಳಿಗಿಂತ ಮೊದಲು ಒಂದು ಇತಿಹಾಸ ಬಂದಿದೆ. ನನ್ನ ಅಜ್ಜನ ಕಾಲದಲ್ಲಿ ಕಿಜ್ಜುವತ್ನ ಹಟ್ಟಿಗೆ ಸೇರಿತ್ತು, ಆಮೇಲೆ ಬಿಟ್ಟುಹೋಗಿ ಹುರ್ರಿಯ ಕಡೆ ತಿರುಗಿತು ಅಂತ ಮಹಾರಾಜ ಶುರುಮಾಡುತ್ತಾನೆ. ಇಶ್ಪುತಹ್ಶುವಿನ ಹೆಸರಿಲ್ಲ, ಪದ್ದತಿಶ್ಶುವಿನ ಹೆಸರಿಲ್ಲ. ಕನ್ನಡಿಯ ಹಾಗೆ ಸರಿಸಮವಾಗಿ ಬರೆದ ಒಪ್ಪಂದಗಳ ತಲೆಮಾರುಗಳು ಈ ಕಥೆಯಲ್ಲಿ ಕಾಣುವುದಿಲ್ಲ. ಸ್ವತಂತ್ರವಾಗಿದ್ದ ಕಾಲ 'ಬಿಟ್ಟುಹೋದ' ಕಾಲವಾಗಿಬಿಟ್ಟಿತು.

ಆಮೇಲೆ ಒಂದು ಸ್ವಾರಸ್ಯದ ಪ್ರಸಂಗ ಬರುತ್ತದೆ. ಇಶುವ ಎಂಬ ಸೀಮೆಯ ಜನ ಹಟ್ಟಿಗೆ ತಿರುಗಿಬಿದ್ದು, ಸೋತು, ಹುರ್ರಿ ದೇಶಕ್ಕೆ ಓಡಿದರು. ನನ್ನ ಪ್ರಜೆಗಳನ್ನು ವಾಪಸು ಕೊಡು ಅಂತ ಮಹಾರಾಜ ಹೇಳಿಕಳಿಸಿದ. ಹುರ್ರಿಯ ದೊರೆ ಒಪ್ಪಲಿಲ್ಲ. ಅವರು ಹಿಂದೊಮ್ಮೆ ನಮ್ಮಲ್ಲೇ ನೆಲೆಸಿದ್ದವರು, ದನಗಳು ತಮ್ಮ ಕೊಟ್ಟಿಗೆಯನ್ನು ತಾವೇ ಆರಿಸಿಕೊಂಡಿವೆ ಎಂಬ ಅರ್ಥದ ಉತ್ತರ ಕೊಟ್ಟ. ಮಹಾರಾಜ ಆ ಮಾತನ್ನು ಮರೆಯಲಿಲ್ಲ. ಕಿಜ್ಜುವತ್ನ ಹುರ್ರಿಯನ್ನು ಬಿಟ್ಟು ಹಟ್ಟಿಯ ಕಡೆ ಬಂದಾಗ ಅದೇ ಮಾತನ್ನು ತಿರುಗಿಸಿ ಹೇಳಿದ. ಕಿಜ್ಜುವತ್ನದ ಜನ ಹಟ್ಟಿಯ ದನಗಳು, ಈಗ ತಮ್ಮ ಕೊಟ್ಟಿಗೆ ಆರಿಸಿಕೊಂಡು ಬಂದಿವೆ ಅಂತ.

ಕನ್ನಡದಲ್ಲಿ ಕೊಟ್ಟಿಗೆಗೆ ಹಟ್ಟಿ ಅಂತಲೂ ಅನ್ನುತ್ತೇವೆ. ದೇಶದ ಹೆಸರೂ ನಮ್ಮ ಬಾಯಲ್ಲಿ ಹಟ್ಟಿ. ಇದು ಬರೀ ಕಾಕತಾಳೀಯ. ದಯವಿಟ್ಟು ಯಾರೂ ಇದರ ಮೇಲೆ ವ್ಯುತ್ಪತ್ತಿ ಕಟ್ಟಬೇಡಿ! ಆದರೆ ಮಾತಿನ ಹುರುಳು ಗಮನಿಸಬೇಕು. ತುರುಗೋಳಿನ ವೀರಗಲ್ಲುಗಳನ್ನು ಓದಿದ ನಮಗೆ ದನ ಹೊಡೆದುಕೊಂಡು ಹೋಗುವುದು, ಮರಳಿಸಿ ತರುವುದು ಹೊಸದಲ್ಲ. ಅಲ್ಲಿ ದನ ಅಂದರೆ ದನವೇ. ಇಲ್ಲಿ ಜನವೇ ದನ. 'ಆರಿಸಿಕೊಂಡವು' ಎಂಬ ಕ್ರಿಯಾಪದದಲ್ಲಿ ಇಚ್ಛೆ ಇದೆ, ಆದರೆ ಆ ಇಚ್ಛೆ ಒಂದು ಸಲಕ್ಕೆ ಮಾತ್ರ. ಕೊಟ್ಟಿಗೆಗೆ ಬಂದ ದನವನ್ನು ಮತ್ತೆ ಆರಿಸಿಕೋ ಅಂತ ಯಾರೂ ಬಾಗಿಲು ತೆರೆದಿಡುವುದಿಲ್ಲ.

ಕೊನೆಗೆ ಮಹಾರಾಜ ಒಂದು ಉಪಕಾರವನ್ನೂ ಹೇಳಿಕೊಳ್ಳುತ್ತಾನೆ. ಹುರ್ರಿಯವರು ಶುನಶ್ಶುರನನ್ನು ಸೇವಕ ಅನ್ನುತ್ತಿದ್ದರು, ನಾನು ಅವನನ್ನು ನಿಜವಾದ ಅರಸನನ್ನಾಗಿ ಮಾಡಿದೆ ಎಂಬ ಭಾವದ ಮಾತು. ಕೇಳಲು ಸೊಗಸು. ಆದರೆ ಇಶ್ಪುತಹ್ಶುವನ್ನು ಮಹಾರಾಜನನ್ನಾಗಿ ಯಾರು ಮಾಡಿದ್ದರು? ಯಾರೂ ಅಲ್ಲ. ಅವನೇ ಆಗಿದ್ದ. ಇನ್ನೊಬ್ಬ ಕೊಟ್ಟ ಅರಸುತನವನ್ನು ಆ ಇನ್ನೊಬ್ಬ ಹಿಂದಕ್ಕೆ ತೆಗೆದುಕೊಳ್ಳಲೂಬಹುದು.

ಷರತ್ತುಗಳ ಒಳಗೆ

ಈಗ ಕಲಮುಗಳಿಗೆ ಬರೋಣ. ಇಲ್ಲಿಯೂ ಸರಿಸಮದ ಕಲಮುಗಳು ಸಾಕಷ್ಟಿವೆ. ಮಹಾರಾಜ ಪಟ್ಟಕ್ಕೆ ಗೊತ್ತುಮಾಡಿದ ಮಗನನ್ನು ಶುನಶ್ಶುರ ಕಾಪಾಡಬೇಕು, ಶುನಶ್ಶುರ ಗೊತ್ತುಮಾಡಿದ ಮಗನನ್ನು ಮಹಾರಾಜ ಕಾಪಾಡಬೇಕು. ಒಬ್ಬನ ವಿರುದ್ಧ ದಂಗೆ ಎದ್ದವರು ಇನ್ನೊಬ್ಬನಿಗೂ ಶತ್ರುಗಳು. ಹಳೆಯ ಕನ್ನಡಿ ಇನ್ನೂ ಇದೆ. ಅದರ ನಡುನಡುವೆ ಬೇರೆ ಬಗೆಯ ಕಲಮುಗಳು ಸೇರಿಕೊಂಡಿವೆ.

ಮೊದಲನೆಯದು ದರ್ಶನ. ಶುನಶ್ಶುರ ಮಹಾರಾಜನ ಎದುರಿಗೆ ಬಂದು ಮುಖ ನೋಡಬೇಕು. ಅವನು ಬಂದಾಗ ಆಸ್ಥಾನದ ದೊಡ್ಡವರೆಲ್ಲ ಪೀಠದಿಂದ ಎದ್ದು ನಿಲ್ಲಬೇಕು, ಅವನಿಗಿಂತ ಮೇಲೆ ಯಾರೂ ಕುಳಿತಿರಬಾರದು. ಎಂಥ ಮರ್ಯಾದೆ! ಆದರೆ ಮಹಾರಾಜ ಕಿಜ್ಜುವತ್ನಕ್ಕೆ ಹೋಗಿ ಮುಖ ತೋರಿಸಬೇಕು ಎಂಬ ಜೋಡಿ ಕಲಮು ಇದಕ್ಕಿಲ್ಲ. ಎಷ್ಟೇ ಜನ ಎದ್ದು ನಿಂತರೂ ಬರುವವನು ಅವನು, ಕೂತಿರುವವನು ಇವನು.

ಎರಡನೆಯದು ಕರೆ. ಮಹಾರಾಜ ಕರೆಸಿದಾಗ ಶುನಶ್ಶುರನಿಗೆ ಬರಲು ಇಷ್ಟವಿಲ್ಲದಿದ್ದರೆ ಬಲವಂತವಿಲ್ಲ, ಮಗನನ್ನು ಕಳಿಸಬಹುದು. ಯಾವ ಮಗ? ಮಹಾರಾಜ ಸೂಚಿಸಿದ ಮಗ. ಅದರ ಬೆನ್ನಿಗೇ ಇನ್ನೊಂದು ರಿಯಾಯಿತಿ, ಕಪ್ಪಕಾಣಿಕೆ ಕೊಡಬೇಕಾಗಿಲ್ಲ. ಕಪ್ಪವಿಲ್ಲ ಅಂದಕೂಡಲೇ ಸ್ವತಂತ್ರ ಅಂದುಕೊಳ್ಳುವುದು ಸಹಜ. ಆದರೆ ತನ್ನ ಮಕ್ಕಳಲ್ಲಿ ಯಾರು ಹೋಗಬೇಕು ಎಂಬುದನ್ನು ಪಕ್ಕದ ಅರಸ ನಿರ್ಧರಿಸುವುದು ಕಪ್ಪಕ್ಕಿಂತ ಕಡಿಮೆಯೇ?

ಮೂರನೆಯದು ಸೇನೆ. ಮಹಾರಾಜ ಹುರ್ರಿಯ ಮೇಲೋ ಅರ್ಜಾವದ ಮೇಲೋ ದಂಡೆತ್ತಿ ಹೋದರೆ ಶುನಶ್ಶುರ 100 ರಥಗಳಿಗಾಗುವಷ್ಟು ಕುದುರೆಜೋಡಿಗಳನ್ನೂ 1000 ಕಾಲಾಳುಗಳನ್ನೂ ಕೊಟ್ಟು ಜೊತೆಗೆ ಹೊರಡಬೇಕು. ಅವರ ಆಹಾರದ ಖರ್ಚು ಮಹಾರಾಜನದು. ಅನ್ನ ಹಾಕಿದವನ ದಂಡು ಕೊನೆಗೆ ಯಾರದಾಗುತ್ತದೆ ಎಂದು ಬೇರೆ ಹೇಳಬೇಕೆ?

ನಾಲ್ಕನೆಯದು ಎಲ್ಲಕ್ಕಿಂತ ಭಾರವಾದದ್ದು, ಹುರ್ರಿಯ ಜೊತೆ ಸಂಬಂಧ ಬೇಡ ಎಂಬುದು. ಕಿಜ್ಜುವತ್ನ ಇಷ್ಟು ದಿನ ಬದುಕಿದ್ದೇ ಎರಡು ಕಡೆಗಳ ನಡುವೆ ತೂಗುತ್ತ. ಒಂದು ಕಡೆಯ ಹಗ್ಗವನ್ನು ಕಡಿದುಹಾಕಿದ ಮೇಲೆ ಇನ್ನೊಂದು ಕಡೆಯವನ ಜೊತೆ ಚೌಕಾಸಿ ಮಾಡುವ ಶಕ್ತಿಯೇ ಉಳಿಯುವುದಿಲ್ಲ. ಉಳಿದೆಲ್ಲ ಕಲಮುಗಳು ಸರಿಸಮವಾಗಿದ್ದರೂ ಈ ಒಂದು ಕಲಮು ಸಾಕಿತ್ತು.

ಐದನೆಯದು ಗಡಿ. ಇದನ್ನು ಓದುವಾಗ ನಮ್ಮ ದಾನಶಾಸನಗಳ ಎಲ್ಲೆ ಹೇಳುವ ಭಾಗ ನೆನಪಾಗುತ್ತದೆ. ಕಡಲ ಕಡೆಗೆ ಲಮಿಯ ಮಹಾರಾಜನದು, ಪಿತುರ ಶುನಶ್ಶುರನದು, ನಡುವಿನ ಗಡಿಯನ್ನು ಅಳೆದು ಹಂಚಿಕೊಳ್ಳಬೇಕು. ಹೀಗೆ ಊರೂರಿನ ಹೆಸರು ಹಿಡಿದು ಸಾಗುತ್ತದೆ. ಲಮಿಯ, ಅರುನ, ಶಲಿಯ ಮುಂತಾದ ಊರುಗಳ ಹೆಸರು ಬಂದಾಗಲೆಲ್ಲ ಮಹಾರಾಜ ಇಲ್ಲಿ ಕೋಟೆ ಕಟ್ಟಬಹುದು ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಶಮ್ರಿ ನದಿ ಎಲ್ಲೆ. ಮಹಾರಾಜ ಅದನ್ನು ದಾಟಿ ಅದಾನಿಯದ ಕಡೆ ಬರಬಾರದು, ಶುನಶ್ಶುರ ದಾಟಿ ಹಟ್ಟಿಯ ಕಡೆ ಹೋಗಬಾರದು. ಆ ನದಿ ಇಂದಿನ ಸೆಯ್ಹಾನ್ ಎಂದು ಗುರುತಿಸಲಾಗಿದೆ.

ಲಿಪಿ-ದಾಖಲೆಗಳಲ್ಲಿ ಆಸಕ್ತಿ ಇರುವವರಿಗಾಗಿ ಇನ್ನೊಂದು ಕಲಮನ್ನು ಹೇಳಲೇಬೇಕು. ಮಹಾರಾಜ ಕಳಿಸುವ ಹಲಗೆಯ ಮಾತೂ ತಂದ ದೂತನ ಬಾಯಿಮಾತೂ ಹೊಂದಿಕೆಯಾದರೆ ದೂತನನ್ನು ನಂಬು. ಹೊಂದದಿದ್ದರೆ ನಂಬಬೇಡ. ಸುಮಾರು 3400 ವರ್ಷಗಳ ಹಿಂದೆ ಬರಹಕ್ಕೆ ಬಾಯಿಮಾತನ್ನು ಒರೆಹಚ್ಚುವ ನಿಯಮ ಇದು. ಓದುವವನಿಗೆ ರಕ್ಷಣೆ ಇದೆ, ನಿಜ. ಆದರೆ ಬರೆಯುವವರು ಯಾರು? ಬರಹದ ಯಜಮಾನಿಕೆ ಹಟ್ಟುಶದ ಲಿಪಿಕಾರರದ್ದೇ.

ನಾಲ್ಕನೆಯ ಹೆಜ್ಜೆ: ಒಪ್ಪಂದವೇ ಬೇಡವಾದಾಗ

ಶುನಶ್ಶುರನ ನಂತರ ಕಿಜ್ಜುವತ್ನದ ಅರಸನೊಬ್ಬನ ಜೊತೆ ಒಪ್ಪಂದ ಕಾಣಿಸುವುದಿಲ್ಲ. ಅರಸನೇ ಕಾಣಿಸುವುದಿಲ್ಲ. ಮುಂದಿನ ಪೀಳಿಗೆಯಲ್ಲಿ ಆಳಿದ ಅರ್ನುವಂದನ ಕಾಲದ ಒಂದು ಹಲಗೆಯಲ್ಲಿ ಇಶ್ಮೆರಿಕ್ಕ ಎಂಬ ಸೀಮೆಯ ಜನ ಹಟ್ಟಿಯ ದೊರೆಗೆ ಆಣೆ ಮಾಡುತ್ತಾರೆ. ಅವರನ್ನು ಕಿಜ್ಜುವತ್ನದ ಊರುಗಳಲ್ಲಿ ನೆಲೆಗೊಳಿಸಿದ್ದ ವಿವರ ಅದರಲ್ಲಿದೆ. ಎಲ್ಲಾದರೂ ದಂಗೆ ಎದ್ದರೆ ಅಡಗಿಸುವ ಹೊಣೆ ಅವರ ಮೇಲೆ. ಶಮ್ರಿ ನದಿಯನ್ನು ದಾಟುವುದಿಲ್ಲ ಎಂದವರು ಈಗ ನದಿಯಾಚೆಗಿನ ಊರುಗಳಲ್ಲಿ ಯಾರು ಇರಬೇಕು ಎಂದು ತೀರ್ಮಾನಿಸುತ್ತಿದ್ದಾರೆ.

ಆಮೇಲೆ ಸುಪ್ಪಿಲುಲಿಯುಮ ತನ್ನ ಮಗ ತೆಲಿಪಿನುವನ್ನು (ಹಳೆಯ ದೊರೆಯ ಹೆಸರಿನವನೇ, ಆದರೆ ಬೇರೆಯವನು) ಕಿಜ್ಜುವತ್ನಕ್ಕೆ ಅರ್ಚಕನನ್ನಾಗಿ ನೇಮಿಸಿದ. ತೆಶ್ಶುಬ್, ಹೆಬತ್, ಶರ್ರುಮ ದೇವತೆಗಳ ಸೇವೆಗೆ ಎಂದು ಅದರ ಆದೇಶವೇ ಉಳಿದಿದೆ. ಅರಸನ ಜಾಗಕ್ಕೆ ಅರ್ಚಕ ಬಂದ. ಅರ್ಚಕ ರಾಜಧಾನಿಯ ಅರಮನೆಯವನು.

ಕಟ್ಟು ಎಂಬ ಪದ

ಹಿಟ್ಟೈಟ್ ಭಾಷೆಯಲ್ಲಿ ಒಪ್ಪಂದಕ್ಕೆ 'ಇಶ್ಹಿಯುಲ್' ಎಂದು ಹೆಸರು. ಧಾತುವಿನ ಅರ್ಥ ಕಟ್ಟುವುದು. ಕನ್ನಡದಲ್ಲಿ ಕಟ್ಟಳೆ, ಕಟ್ಟುಪಾಡು, ಕಟ್ಟುನಿಟ್ಟು ಎಲ್ಲ ಹುಟ್ಟಿದ್ದು ಇದೇ ಭಾವನೆಯಿಂದ. ಅದರ ಜೊತೆಗಿನ ಪದ 'ಲಿಂಗೈ', ಆಣೆ ಎಂದರ್ಥ. ಕಟ್ಟು ಮತ್ತು ಆಣೆ ಎರಡೂ ಸೇರಿದರೆ ಒಪ್ಪಂದ.

ಗಮನಿಸಬೇಕಾದದ್ದು, ಇದೇ ಇಶ್ಹಿಯುಲ್ ಪದವನ್ನು ಹಿಟ್ಟೈಟರು ತಮ್ಮ ಸ್ವಂತ ಅಧಿಕಾರಿಗಳಿಗೆ ಕೊಡುತ್ತಿದ್ದ ಕರ್ತವ್ಯದ ಕಟ್ಟಳೆಗಳಿಗೂ ಬಳಸುತ್ತಿದ್ದರು. ಗಡಿ ಕಾಯುವ ಅಧಿಕಾರಿಗೂ ಇಶ್ಹಿಯುಲ್, ಪಕ್ಕದ ದೇಶದ ಅರಸನಿಗೂ ಇಶ್ಹಿಯುಲ್. ಪದ ಒಂದೇ ಆಗಿರುವಾಗ ಒಂದು ಅರ್ಥದಿಂದ ಇನ್ನೊಂದಕ್ಕೆ ಜಾರಲು ಎಷ್ಟು ಹೊತ್ತು? ಇಶ್ಪುತಹ್ಶು ಮತ್ತು ತೆಲಿಪಿನು ಒಬ್ಬರನ್ನೊಬ್ಬರು ಕಟ್ಟಿಕೊಂಡರು. ಶುನಶ್ಶುರನ ಕಾಲಕ್ಕೆ ಒಬ್ಬ ಕಟ್ಟುವವನು, ಇನ್ನೊಬ್ಬ ಕಟ್ಟಿಸಿಕೊಳ್ಳುವವನು. ಇಶ್ಮೆರಿಕ್ಕದವರ ಹೊತ್ತಿಗೆ ಕಟ್ಟು ಬರೀ ಅಪ್ಪಣೆ.

ಓದುವಾಗ ಎಚ್ಚರ

ಈ ಕಥೆಯನ್ನು ನಾವು ಹೇಳುತ್ತಿರುವುದು ಬಹುಪಾಲು ಒಂದೇ ಕಡೆಯ ದಫ್ತರದಿಂದ. 1906ರಲ್ಲಿ ಹ್ಯೂಗೋ ವಿಂಕ್ಲರ್ ಮತ್ತು ಥಿಯೊಡೋರ್ ಮಕ್ರಿದಿ ಹಟ್ಟುಶದಲ್ಲಿ ಅಗೆತ ಶುರುಮಾಡಿದಂದಿನಿಂದ ಸಾವಿರಾರು ತುಣುಕುಗಳು ಬಂದಿವೆ. 1915ರಲ್ಲಿ ಬೆದ್ರಿಖ್ ಹ್ರೋಜ್ನಿ ಭಾಷೆಯ ಬೀಗ ತೆರೆದರು. ಒಪ್ಪಂದಗಳ ಅಧಿಕೃತ ಪ್ರತಿಗಳನ್ನು ಲೋಹದ ಮೇಲೂ ಬರೆಸುತ್ತಿದ್ದರು. ಹಾಗೆ ಉಳಿದುಬಂದದ್ದು 1986ರಲ್ಲಿ ಹಟ್ಟುಶದಲ್ಲೇ ಸಿಕ್ಕ ಕಂಚಿನ ಹಲಗೆ. ಅದು ಇನ್ನೊಂದು ಸೀಮೆಯ, ಬಹಳ ಮುಂದಿನ ಕಾಲದ ಒಪ್ಪಂದ. ಕಿಜ್ಜುವತ್ನದ ಅರಸರ ದಫ್ತರ ಇದುವರೆಗೆ ಸಿಕ್ಕಿಲ್ಲ. ಅವರ ಕಡೆಯ ಮಾತು ಎಂದು ನಮ್ಮ ಕೈಯಲ್ಲಿರುವುದು ತಾರ್ಸುಸ್‌ನ ಆ ಮಣ್ಣಿನ ಉಂಡೆಯಂಥ ಚಿಕ್ಕಪುಟ್ಟ ವಸ್ತುಗಳು. ಕಿಜ್ಜುವತ್ನ ತಾನಾಗಿಯೇ ಬಂತು, ಬಂದು ಸಂತೋಷಪಟ್ಟಿತು ಎಂಬ ಹಟ್ಟುಶದ ಹೇಳಿಕೆಯನ್ನು ಆ ಉಂಡೆಯ ಪಕ್ಕದಲ್ಲಿಟ್ಟು ಓದಬೇಕು.

ನಮ್ಮ ಶಾಸನಗಳನ್ನು ಓದುವಾಗಲೂ ಇದು ಉಪಯೋಗಕ್ಕೆ ಬರುತ್ತದೆ. ಸಾರ್ವಭೌಮನ ಹೆಸರು ಮೊದಲು ಬಂದು 'ತತ್ಪಾದಪದ್ಮೋಪಜೀವಿ' ಎಂಬ ಪದದ ನಂತರ ಸ್ಥಳೀಯ ಅರಸನ ಹೆಸರು ಬಂದಾಗ ನಾವು ಸಾಮಂತ ಅಂತ ಬರೆದು ಮುಂದೆ ಹೋಗುತ್ತೇವೆ. ಸಾಮಂತಿಕೆ ಒಂದು ಸ್ಥಿತಿಯಲ್ಲ, ಒಂದು ಚಲನೆ. ಹೊಯ್ಸಳರ ಹಾಗೆ ಮೇಲಕ್ಕೂ ಹೋಗಬಹುದು, ಕಿಜ್ಜುವತ್ನದ ಹಾಗೆ ಕೆಳಕ್ಕೂ ಹೋಗಬಹುದು. ಒಂದೇ ಮನೆತನದ ಶಾಸನಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿ, ಬಿರುದು ಯಾವಾಗ ಬಿತ್ತು, ಹಳೆಯ ಕಥೆಯನ್ನು ಯಾರು ಹೇಳಿದರು, ಜೋಡಿ ಇಲ್ಲದ ವಾಕ್ಯ ಯಾವುದು ಎಂದು ಕೇಳಿದರೆ ಆ ಚಲನೆ ಕಾಣುತ್ತದೆ.

ಕಿಜ್ಜುವತ್ನದ ಕಥೆಗೆ ಒಂದು ಬಾಲವಿದೆ. ಕಾದೇಶ್ ಯುದ್ಧದ ನಂತರ ಮರಳುವಾಗ ಹತ್ತುಶಿಲಿ ಎಂಬ ರಾಜಕುಮಾರ ಕಿಜ್ಜುವತ್ನದ ಲವಜಂತಿಯ ಎಂಬ ಊರಿನ ಅರ್ಚಕ ಪೆಂತಿಪ್‌ಶರ್ರಿಯ ಮಗಳು ಪುದುಹೆಪಳನ್ನು ಮದುವೆಯಾದ. ಮುಂದೆ ಅವನು ದೊರೆಯಾದ, ಅವಳು ಮಹಾರಾಣಿ. ಕಿಜ್ಜುವತ್ನದ ಹಳೆಯ ಹಲಗೆಗಳನ್ನು ಹುಡುಕಿ ತನ್ನ ನಾಡಿನ ಹಬ್ಬದ ವಿಧಿಗಳನ್ನು ಹಟ್ಟುಶದಲ್ಲಿ ಪ್ರತಿಮಾಡಿಸಿದಳು. ಆ ಕೆಲಸ ಮಾಡಿದ ಲಿಪಿಕಾರ ವಲ್ವಜಿತಿಯ ಹೆಸರೂ ಉಳಿದಿದೆ. ಕ್ರಿ.ಪೂ. 1259ರಲ್ಲಿ ಈಜಿಪ್ಟಿನ ಎರಡನೆಯ ರಾಮ್ಸೆಸ್ ಜೊತೆ ಶಾಂತಿ ಒಪ್ಪಂದವಾದಾಗ ಬೆಳ್ಳಿಯ ಹಲಗೆಯ ಮೇಲೆ ಅವಳ ಮುದ್ರೆಯೂ ಬಿತ್ತು. ಆ ಮುದ್ರೆಯ ವರ್ಣನೆ ಕಾರ್ನಾಕ್ ದೇವಾಲಯದ ಗೋಡೆಯ ಮೇಲಿದೆ. ಅಲ್ಲಿ ಅವಳನ್ನು ಕಿಜ್ಜುವತ್ನ ನಾಡಿನ ಮಗಳು ಎಂದು ಗುರುತಿಸಲಾಗಿದೆ.

ಸುಮಾರು ಒಂದೂವರೆ ಶತಮಾನದ ಹಿಂದೆಯೇ ಅರಸರನ್ನು ಕಳೆದುಕೊಂಡಿದ್ದ ನಾಡಿನ ಹೆಸರು ಒಂದು ಅಂತರರಾಷ್ಟ್ರೀಯ ಒಪ್ಪಂದದ ಮೇಲೆ ಮತ್ತೆ ಬಂತು. ಆದರೆ ಈ ಸಲ ಅದು ಒಪ್ಪಂದ ಮಾಡಿಕೊಳ್ಳುವ ಪಕ್ಷವಾಗಿ ಬರಲಿಲ್ಲ, ರಾಣಿಯ ತವರಾಗಿ ಬಂತು.